ಮೂರು ಕೋರ್ ಎಲ್ಲಿ ಹೋದ್ವು?

"ಲಿನಕ್ಸ್ ತುಂಬಾ ಸ್ಲೋ ಮಗಾ, ವಿಂಡೋಸೇ ವಾಸಿ." ಹಾಸ್ಟೆಲ್‌ನಲ್ಲಿ ಪ್ರತಿ ಸೆಮಿಸ್ಟರ್ ಕೇಳೋ ಮಾತಿದು. ನಾವೂ ಹೇಳಿದ್ದೇವೆ, ಅದೂ ಜೋರಾಗಿಯೇ.

ಕಳೆದ ಸೆಮ್‌ನಲ್ಲಿ ನಮ್ಮ ಪ್ರಾಜೆಕ್ಟ್ ಟೀಮಿನ ಒಂದು ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದೆವು. ಕಂಪೈಲ್‌ಗೆ ಕೊಟ್ಟು, ಮೆಸ್‌ಗೆ ಹೋಗಿ ಊಟ ಮುಗಿಸಿ ಬಂದ್ರೂ ಅದು ಇನ್ನೂ ಓಡ್ತಾನೇ ಇರೋದು. ಗೆಳೆಯನ ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಅದನ್ನ ಮಾರಿ ಬೇರೆ ತಗೊಳ್ಳೋಣ್ವಾ ಅನ್ನೋವರೆಗೂ ಮಾತು ಹೋಗಿತ್ತು. ಒಂದು ರಾತ್ರಿ ಟರ್ಮಿನಲ್‌ನಲ್ಲಿ 'ಎನ್‌ಪ್ರಾಕ್' ಅಂತ ಹೊಡೆದು ನೋಡಿದ್ರೆ ಬಂದ ಉತ್ತರ: 1. ಇರೋದು 4 ಕೋರ್, 8 ಥ್ರೆಡ್‌ನ ಪ್ರೊಸೆಸರ್. 8 ಅಂತ ಬರಬೇಕಿತ್ತು.

ಲಿನಕ್ಸ್‌ಗೆ ಹೆಚ್ಚು ಪ್ರೊಸೆಸರ್ ನಡೆಸೋಕೆ ಬರಲ್ಲ ಅನ್ನೋ ಹಾಗಿಲ್ಲ. 1996ರ 2.0 ಆವೃತ್ತಿಯಿಂದಲೇ ಬರುತ್ತೆ. ತಪ್ಪು ನಮ್ಮದು. ಇನ್‌ಸ್ಟಾಲ್ ಮಾಡೋ ದಿನ ಸ್ಕ್ರೀನ್ ಕಪ್ಪಾಗಿ ನಿಂತಿತ್ತು. ಸೀನಿಯರ್ ಒಬ್ಬರು ಬೂಟ್ ಸಾಲಿನ ಕೊನೆಗೆ 'ಎಸಿಪಿಐ=ಆಫ್' ಸೇರಿಸಿ ಅಂದ್ರು. ಸೇರಿಸಿದೆವು, ಸ್ಕ್ರೀನ್ ಬಂತು, ಎಲ್ಲರೂ ಖುಷಿ. ಇನ್‌ಸ್ಟಾಲರ್ ಅದೇ ಪದವನ್ನ ಗ್ರಬ್‌ನ ಕಾಯಂ ಸೆಟ್ಟಿಂಗ್‌ಗೂ ಬರೆದುಬಿಟ್ಟಿದ್ದನ್ನ ಯಾರೂ ನೋಡಲಿಲ್ಲ.

ಎಸಿಪಿಐ ಅಂದ್ರೆ ಲ್ಯಾಪ್‌ಟಾಪಿನ ಫರ್ಮ್‌ವೇರ್ ಆಪರೇಟಿಂಗ್ ಸಿಸ್ಟಮ್‌ಗೆ ಕೊಡೋ ಮಾಹಿತಿಯ ಕೋಷ್ಟಕಗಳು. ಎಷ್ಟು ಪ್ರೊಸೆಸರ್ ಇವೆ ಅನ್ನೋ ಪಟ್ಟಿ ಅದರಲ್ಲೇ, ಎಮ್‌ಎಡಿಟಿ ಅನ್ನೋ ಕೋಷ್ಟಕದಲ್ಲಿ ಇರುತ್ತೆ. ಅದನ್ನ ಓದಲೇಬೇಡ ಅಂದ್ರೆ ಪಾಪ ಕರ್ನಲ್ ಏನು ಮಾಡೀತು? ಯಾವ ಕೋರ್‌ನಿಂದ ಎದ್ದಿತೋ ಅದೊಂದರಲ್ಲೇ ಸಂಸಾರ ಮಾಡುತ್ತೆ. ಸುಳಿವುಗಳೂ ಇದ್ದವು: ಬ್ಯಾಟರಿ ಎಷ್ಟಿದೆ ಅಂತ ತೋರಿಸ್ತಿರಲಿಲ್ಲ, ಶಟ್‌ಡೌನ್ ಕೊಟ್ರೆ ಪವರ್ ಆಫ್ ಆಗದೆ ಬಟನ್ ಒತ್ತಿ ಹಿಡೀಬೇಕಿತ್ತು. 'ಲಿನಕ್ಸ್ ಅಂದ್ರೆ ಹೀಗೇ' ಅಂದುಕೊಂಡು ಸುಮ್ಮನಿದ್ದೆವು. ಕುಣಿಯಲಾರದೆ ನೆಲ ಡೊಂಕು ಅಂದವರು ನಾವೇ.

ಆ ಸೀನಿಯರ್ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೂ ಇನ್ಯಾರೋ ಸೀನಿಯರ್ ಹೇಳಿಕೊಟ್ಟಿದ್ದೇ ಅದು. ವೈವಾದಲ್ಲಿ ಶೆಡ್ಯೂಲಿಂಗ್ ಬಗ್ಗೆ ಗಿಣಿಪಾಠ ಒಪ್ಪಿಸೋ ನಾವು, ನಮ್ಮದೇ ಮೆಷಿನ್‌ಗೆ ಹಾಕೋ ಪದದ ಅರ್ಥ ಕೇಳಲಿಲ್ಲ ಅನ್ನೋದೇ ನಮ್ಮ ತಕರಾರು. ಇನ್‌ಸ್ಟಾಲ್ ಕ್ಯಾಂಪ್‌ಗಳಲ್ಲಿ ಈ ಮಂತ್ರ ಹಂಚೋದು ನಿಲ್ಲಬೇಕು. ಕಪ್ಪು ಸ್ಕ್ರೀನ್‌ಗೆ ಬಹಳ ಸಲ ಗ್ರಾಫಿಕ್ಸ್ ಡ್ರೈವರ್ ಕಾರಣ. ಮೊದಲು 'ನೋಮೋಡ್‌ಸೆಟ್' ಹಾಕಿ ನೋಡಿ, ಸರಿಯಾದ ಡ್ರೈವರ್ ಬಂದ ಮೇಲೆ ಅದನ್ನೂ ತೆಗೀರಿ. ಹೇಳಿಕೊಡೋರು ಯಾಕೆ ಅಂತಾನೂ ಹೇಳಲಿ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಲಿ.

ನಮ್ಮ ರಿಪೇರಿಗೆ ಐದು ನಿಮಿಷವೂ ಹಿಡಿಯಲಿಲ್ಲ. 'ಇಟಿಸಿ'ಯೊಳಗಿನ 'ಡೀಫಾಲ್ಟ್' ಫೋಲ್ಡರ್‌ನಲ್ಲಿ 'ಗ್ರಬ್' ಫೈಲ್ ತೆರೆದು ಆ ಪದ ಅಳಿಸಿ, 'ಅಪ್‌ಡೇಟ್-ಗ್ರಬ್' ಓಡಿಸಿ ರೀಬೂಟ್ ಮಾಡಿದೆವು. ಎನ್‌ಪ್ರಾಕ್ 8 ಅಂತು. ಅವತ್ತು ಕಂಪೈಲ್‌ಗೆ ಕೊಟ್ಟು ಚಹಾ ತರೋಕೆ ಎದ್ದವನು ಬಾಗಿಲಿಂದಲೇ ವಾಪಸ್ ಬಂದ.