ದೀಪವಿಲ್ಲದವರ ಮೇಲೆ ಹೈಬೀಮ್

ಎದುರು ವಾಹನ ಕಂಡೊಡನೆ ತಾನಾಗಿಯೇ ಹೈಬೀಮ್ ಇಳಿಸಿ, ಅದು ದಾಟಿದ ಮೇಲೆ ತಾನಾಗಿಯೇ ಏರಿಸುವ ಕಾರುಗಳು ನಮ್ಮ ರಸ್ತೆಗೆ ಬಂದು ಕೆಲವು ವರ್ಷಗಳಾದವು. 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700, 2022ರಲ್ಲಿ ಹೋಂಡಾ ಸಿಟಿಯ ಹೈಬ್ರಿಡ್, ಅದರ ಬೆನ್ನಿಗೇ ಟೊಯೊಟಾ ಇನ್ನೋವಾ ಹೈಕ್ರಾಸ್. ಮಧ್ಯಮ ವರ್ಗದ ಮನೆಗಳು ಸಾಲ ಮಾಡಿ ಕೊಳ್ಳುವ ಕಾರುಗಳ ಮೇಲ್ದರ್ಜೆಯ ಮಾದರಿಗಳಿಗೆ ಈ ಸೌಲಭ್ಯ ಒಂದೊಂದಾಗಿ ಇಳಿದು ಬಂತು. ಲಾರಿಗಳ ಬೆನ್ನ ಮೇಲೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ದಶಕಗಳಿಂದ ಬರೆದರೂ ಡಿಪ್ ಮಾಡದ ಚಾಲಕರ ನಡುವೆ, ಹೇಳಿಸಿಕೊಳ್ಳದೆ ಡಿಪ್ ಮಾಡುವ ಯಂತ್ರ ಬಂದದ್ದು ಸಂತೋಷದ ಸುದ್ದಿಯೇ ಆಗಿತ್ತು. ಆ ಸಂತೋಷದಲ್ಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುವ ಹೊತ್ತು ಬಂದಿದೆ.

ನಮ್ಮ ತೀರ್ಮಾನವನ್ನು ಮೊದಲೇ ಹೇಳುತ್ತೇವೆ. ಈ ವ್ಯವಸ್ಥೆ ದೀಪವುಳ್ಳವರನ್ನು ಗೌರವಿಸುತ್ತದೆ. ದೀಪವಿಲ್ಲದವರನ್ನು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ರಾತ್ರಿಯ ರಸ್ತೆಯಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವವರು ಆ ಎರಡನೆಯವರೇ.

ಯಂತ್ರದ ಹುಟ್ಟು ಅಮೆರಿಕದ್ದು. 1952ರಲ್ಲಿ ಜನರಲ್ ಮೋಟಾರ್ಸ್ ತನ್ನ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್ ಕಾರುಗಳ ಡ್ಯಾಶ್‌ಬೋರ್ಡಿನ ಮೇಲೆ ‘ಆಟ್ರಾನಿಕ್ ಐ’ ಎಂಬ ಉಪಕರಣವನ್ನು ಕೂರಿಸಿತು. ಬೆಳಕು ಬಿದ್ದರೆ ವಿದ್ಯುತ್ ಹರಿಸುವ ಒಂದು ಫೋಟೊಟ್ಯೂಬ್ ಅದರೊಳಗಿತ್ತು. ಬೆಳಕು ಬಂತೆಂದು ಅದಕ್ಕೆ ಗೊತ್ತಾಗುತ್ತಿತ್ತು. ಅದು ಯಾರ ಬೆಳಕು ಎಂದು ಗೊತ್ತಾಗುತ್ತಿರಲಿಲ್ಲ. 2000ರ ದಶಕದ ನಡುವೆ ಒಳಗನ್ನಡಿಯ ಹಿಂದೆ, ವಿಂಡ್‌ಶೀಲ್ಡಿಗೆ ಅಂಟಿಕೊಂಡಂತೆ ಪುಟ್ಟ ಕ್ಯಾಮೆರಾ ಬಂದ ಮೇಲೆ ಆ ಕೊರತೆ ಸಾಕಷ್ಟು ನೀಗಿತು. ಎದುರಿನಿಂದ ಬರುವ ಬಿಳಿ ಜೋಡಿ ದೀಪ, ಮುಂದೆ ಹೋಗುವ ಕೆಂಪು ಜೋಡಿ ದೀಪ, ಅಲುಗದ ಬೀದಿದೀಪ, ಹೊಳೆಯುವ ಫಲಕ, ಇವನ್ನೆಲ್ಲ ಬಣ್ಣ, ಅಂತರ ಮತ್ತು ಚಲನೆಯಿಂದ ಬೇರ್ಪಡಿಸಲು ಗಣಕ ಕಲಿಯಿತು. ಇಂದಿಗೂ ಅದು ಹುಡುಕುವುದು ಮುಖ್ಯವಾಗಿ ದೀಪವನ್ನೇ.

ಅಮೆರಿಕದವರಿಗೆ ಇದು ಯಾಕೆ ಬೇಕಾಯಿತು ಎಂಬುದನ್ನು ನಾವು ಗಮನಿಸಲೇಬೇಕು. ಅಲ್ಲಿನ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಮಿಷಿಗನ್ ರಾಜ್ಯದ ಆನ್ ಆರ್ಬರ್ ಸುತ್ತಮುತ್ತ ರಾತ್ರಿ ವಾಹನಗಳನ್ನು ಗಮನಿಸಿದಾಗ, ಎದುರು ಯಾರೂ ಇಲ್ಲದೆ ಒಂಟಿಯಾಗಿ ಸಾಗುತ್ತಿದ್ದ ಕಾರುಗಳಲ್ಲಿ ಶೇ 18ರಷ್ಟು ಮಾತ್ರ ಹೈಬೀಮ್ ಹಾಕಿದ್ದವು. ಹಾಕಬೇಕಾದಲ್ಲೂ ಹಾಕದಿರುವುದು ಅಲ್ಲಿನ ರೋಗ. ಅದೇ ಸಂಸ್ಥೆ 2016ರಲ್ಲಿ ಮೊದಲ ಸಲ ಕಾರುಗಳ ಹೆಡ್‌ಲೈಟ್‌ಗಳಿಗೆ ಅಂಕ ಕೊಟ್ಟಾಗ 31 ಮಧ್ಯಮ ಗಾತ್ರದ ಕಾರುಗಳಲ್ಲಿ ‘ಉತ್ತಮ’ ಎನ್ನಿಸಿಕೊಂಡದ್ದು ಒಂದೇ ಒಂದು, ಟೊಯೊಟಾ ಪ್ರಿಯಸ್ ವಿ. ಅದೂ ಎಲ್‌ಇಡಿ ದೀಪದ ಜೊತೆಗೆ ಸ್ವಯಂಚಾಲಿತ ಹೈಬೀಮ್ ಇರುವ ಮಾದರಿಗೆ ಮಾತ್ರ. ಹೈಬೀಮ್ ಹೆಚ್ಚು ಹೊತ್ತು ಉರಿಯಲಿ ಎಂಬುದು ಆ ಅಂಕದ ಹಿಂದಿನ ಆಸೆ. ನಮ್ಮ ರೋಗ ಇದಕ್ಕೆ ತದ್ವಿರುದ್ಧ. ಇಲ್ಲಿ ಊರೊಳಗೂ ಹೈಬೀಮ್, ಬೀದಿದೀಪದ ಕೆಳಗೂ ಹೈಬೀಮ್. ಬೆಳಕು ಸಾಲದೆಂದು ಕೊರಗುವವರಿಗಾಗಿ ತಯಾರಾದ ಮದ್ದನ್ನು, ಬೆಳಕು ಹೆಚ್ಚಾಗಿ ನರಳುತ್ತಿರುವವರಿಗೆ ಪ್ರಮಾಣ ಬದಲಿಸದೆ ಕುಡಿಸಿದ್ದೇವೆ.

ವಿಶ್ವಸಂಸ್ಥೆಯ ಯುರೋಪ್ ಆಯೋಗ ರೂಪಿಸಿದ ವಾಹನ ದೀಪಗಳ 48ನೇ ನಿಯಮ ಜಗತ್ತಿನ ಬಹುಭಾಗಕ್ಕೆ ಮಾದರಿ. ಸ್ವಯಂಚಾಲಿತ ಹೈಬೀಮ್ ಯಾರನ್ನು ಎಷ್ಟು ದೂರದಿಂದ ಗುರುತಿಸಬೇಕು ಎಂದು ಅದು ಹೇಳುತ್ತದೆ. ಎದುರು ಬರುವ ಮೋಟಾರು ವಾಹನ 400 ಮೀಟರ್. ಮುಂದೆ ಸಾಗುವ ವಾಹನ 100 ಮೀಟರ್. ಎದುರು ಬರುವ ಸೈಕಲ್ 75 ಮೀಟರ್. ಆ ಸೈಕಲ್ ಹೇಗಿರಬೇಕು? ನೆಲದಿಂದ 0.8 ಮೀಟರ್ ಎತ್ತರದಲ್ಲಿ 150 ಕ್ಯಾಂಡೆಲಾ ಬೆಳಕಿನ ಬಿಳಿ ದೀಪ ಹೊತ್ತಿರಬೇಕು. ಗದಗದಿಂದ ಗಂಗಾವತಿಯವರೆಗೆ, ಕೆಲಸ ಮುಗಿಸಿ ಊರಿಗೆ ಮರಳುವ ಕೂಲಿಕಾರನ ಸೈಕಲ್ಲಿನಲ್ಲಿ ಅಂಥ ದೀಪ ಹುಡುಕಿದರೂ ಸಿಗುವುದಿಲ್ಲ. ನಡೆದು ಹೋಗುವವರ ಹೆಸರಂತೂ ಆ ಮೂರರ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ನಡೆಯುವವರು ನಮ್ಮಲ್ಲಿ ಎಷ್ಟು ಜನ! ಶಿವರಾತ್ರಿ ಹತ್ತಿರವಾದಂತೆ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳು ಚಾರ್ಮಾಡಿ, ಶಿರಾಡಿಯ ದಾರಿಗಳಲ್ಲಿ ಗುಂಪುಗುಂಪಾಗಿ ಇಳಿಯುತ್ತಾರೆ. ಯುಗಾದಿಯ ಮುಂಚಿನ ವಾರಗಳಲ್ಲಿ ಉತ್ತರ ಕರ್ನಾಟಕದ ಮಂದಿ ಮಲ್ಲಯ್ಯನ ದರ್ಶನಕ್ಕೆಂದು ಶ್ರೀಶೈಲದ ಹಾದಿ ಹಿಡಿಯುತ್ತಾರೆ. ಹಗಲಿನ ಬಿಸಿಲಿಗೆ ಅಂಜಿ ರಾತ್ರಿಯೇ ಹೆಜ್ಜೆ ಹಾಕುತ್ತಾರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರದೂ ಹಾಗೇ. ಎದುರಿನಿಂದ ಬರುವ ಕಾರಿನ ಕ್ಯಾಮೆರಾ ನೂರು ಜನರ ಆ ಸಾಲನ್ನು ಖಾಲಿ ರಸ್ತೆಯೆಂದು ಓದಬಹುದು. ದೀಪವಿಲ್ಲ, ಆದ್ದರಿಂದ ಹೈಬೀಮ್. ಕಣ್ಣಿಗೆ ಕೈ ಅಡ್ಡ ಹಿಡಿದ ಯಾತ್ರಿಕ ಮುಂದಿನ ಹೆಜ್ಜೆಯನ್ನು ಡಾಂಬರಿನ ಮೇಲಿಡುತ್ತಾನೋ ಮೋರಿಯ ಅಂಚಿನ ಮೇಲೋ ಅವನಿಗೇ ತಿಳಿಯದು. ಹೈಬೀಮ್ ಇದ್ದದ್ದರಿಂದಲೇ ಚಾಲಕನಿಗೆ ಅವರು ದೂರದಿಂದ ಕಂಡರಲ್ಲ ಎಂದು ಕಂಪನಿಯವರು ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿದೆ. ಆದರೆ ಕಂಡ ಮೇಲೆ ಬೆಳಕು ತಗ್ಗಬೇಕಲ್ಲವೇ? ಮನುಷ್ಯ ಚಾಲಕನಾದರೆ ದೂರದಿಂದ ನೋಡಿ, ಹತ್ತಿರ ಬಂದಾಗ ಡಿಪ್ ಮಾಡಿ, ದಾಟಿದ ಮೇಲೆ ಮತ್ತೆ ಏರಿಸುತ್ತಾನೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಈ ಸಾವುಗಳೆಲ್ಲ ಕಣ್ಣು ಕುಕ್ಕುವ ಬೆಳಕಿನಿಂದ ಆದವು ಎಂದು ನಾವು ಹೇಳುತ್ತಿಲ್ಲ. ರಸ್ತೆಯಲ್ಲಿ ನಡೆಯುವವರು ಎಣಿಕೆಗೆ ಸಿಗದಷ್ಟು ಕಡಿಮೆಯೇನಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ಕಬ್ಬಿನ ಹಂಗಾಮಿನದು ಇನ್ನೊಂದು ಕಥೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದೀಪ ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಎತ್ತಿನ ಗಾಡಿಗಳಿಗೆ ದೀಪವೇ ಇಲ್ಲ. ಎದುರು ಬರುವ ಗಾಡಿಯ ಎತ್ತುಗಳು ಹೈಬೀಮಿಗೆ ಬೆದರಿ ಅಡ್ಡ ತಿರುಗುವುದನ್ನು ಆ ಭಾಗದ ರೈತರು ಚೆನ್ನಾಗಿ ಬಲ್ಲರು. ಒಂದೇ ಹೆಡ್‌ಲೈಟ್ ಉರಿಯುವ ಹಳೆಯ ಟೆಂಪೊ ಬಂದರೆ ಅದು ಬೈಕೋ ಟೆಂಪೊವೋ ಎಂದು ಅನುಭವಿ ಚಾಲಕನೂ ತಡವರಿಸುತ್ತಾನೆ. ಜೋಡಿ ದೀಪ ಹುಡುಕುವ ಕ್ಯಾಮೆರಾ ತಡವರಿಸದೆ ಇರುತ್ತದೆಯೇ?

ಘಟ್ಟದ ರಸ್ತೆಗಳಲ್ಲಿ ಯಂತ್ರ ಮತ್ತು ಮನುಷ್ಯನ ನಡುವಿನ ಅಂತರ ಇನ್ನೂ ಸ್ಪಷ್ಟ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ನಿತ್ಯ ಬಸ್ಸು ಓಡಿಸುವ ಚಾಲಕರು ಎದುರಿನ ವಾಹನ ಕಾಣುವ ತನಕ ಕಾಯುವುದಿಲ್ಲ. ತಿರುವಿನ ಆಚೆಯ ಮರಗಳ ಮೇಲೆ, ಕೊರೆದ ಗುಡ್ಡದ ಮೈಮೇಲೆ ಬೆಳಕಿನ ಛಾಯೆ ಹರಿದಾಡಿದೊಡನೆ ಅವರ ಕೈ ಡಿಪ್ ಮಾಡಿರುತ್ತದೆ. ಬೆಳಕಿಗಿಂತ ಮುಂಚೆ ಬರುವ ಬೆಳಕಿನ ಸೂಚನೆಯನ್ನು ಓದುವುದು ಈ ನಾಡಿನ ಚಾಲಕರು ತಲೆಮಾರುಗಳಿಂದ ಕಲಿತ ವಿದ್ಯೆ. ಕ್ಯಾಮೆರಾಕ್ಕೆ ಸಾಮಾನ್ಯವಾಗಿ ದೀಪವೇ ನೇರ ಕಾಣಬೇಕು. ಅದು ಕಂಡು, ಗುರುತಿಸಿ, ಬೀಮ್ ಇಳಿಸುವುದರೊಳಗೆ ಎದುರಿನವನ ಕಣ್ಣಿಗೆ ಏಟು ಬಿದ್ದಿರುತ್ತದೆ. ನೇರ ರಸ್ತೆಯಲ್ಲೂ ಈ ವಿಳಂಬ ಸಣ್ಣದಲ್ಲ. ಎರಡು ಕಾರುಗಳು ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರುಬದುರಾದರೆ ಅವುಗಳ ನಡುವಿನ ಅಂತರ ಒಂದು ಸೆಕೆಂಡಿಗೆ ಸುಮಾರು 44 ಮೀಟರ್ ಕರಗುತ್ತದೆ. ದಿಬ್ಬ ಹತ್ತಿ ಇಳಿಯುವ ಬಯಲುಸೀಮೆಯ ಏಕಪಥದಲ್ಲಿ ದಿಬ್ಬದ ನೆತ್ತಿಯ ಮೇಲೆ ಇಬ್ಬರೂ ಒಮ್ಮೆಲೇ ಪ್ರತ್ಯಕ್ಷರಾದಾಗ ಅರ್ಧ ಸೆಕೆಂಡೂ ದುಬಾರಿ.

ಡಿವೈಡರ್ ಇರುವ ಹೆದ್ದಾರಿಯ ತೊಂದರೆ ಬೇರೆ ಬಗೆಯದು. ನಡುವಿನ ಕಣಗಿಲೆ ಗಿಡಗಳನ್ನೂ ಕಾಂಕ್ರೀಟ್ ಗೋಡೆಯನ್ನೂ ದಾಟಿ ಲಾರಿಯ ಹೆಡ್‌ಲೈಟ್ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಆದರೆ ಲಾರಿಯವನ ಕಣ್ಣು ಇರುವುದು ಗಿಡಕ್ಕಿಂತ ಮೇಲೆ. ಕಾರು ಎದುರು ಯಾರೂ ಇಲ್ಲವೆಂದು ಹೈಬೀಮಿನಲ್ಲೇ ಸಾಗುತ್ತದೆ, ಅವನು ಕಣ್ಣು ಕಿರಿದು ಮಾಡಿಕೊಂಡು ಸ್ಟಿಯರಿಂಗ್ ಹಿಡಿದಿರುತ್ತಾನೆ. ಇಂಥ ಸಂದರ್ಭಗಳಲ್ಲಿ ವ್ಯವಸ್ಥೆ ಕೆಲಸ ಮಾಡದಿರಬಹುದೆಂದು ಕಾರಿನ ಕೈಪಿಡಿಗಳಲ್ಲೇ ಎಚ್ಚರಿಕೆ ಇರುತ್ತದೆ: ತಿರುವು, ಡಿವೈಡರ್, ಮರಗಳ ಸಾಲು, ಮಳೆ, ಮಂಜು, ಕೊಳೆ ಹಿಡಿದ ಗಾಜು. ನಮ್ಮ ಮಲೆನಾಡಿನ ಜುಲೈ ತಿಂಗಳ ವರ್ಣನೆಯನ್ನೇ ಓದಿದಂತಾಗುತ್ತದೆ. ಜವಾಬ್ದಾರಿ ಚಾಲಕನದೇ ಎಂದು ಆ ಪಟ್ಟಿಯ ಆಸುಪಾಸಿನಲ್ಲೇ ಹೇಳಿರುತ್ತಾರೆ. ಕೈಪಿಡಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹರಿಯದೆ ಬಿದ್ದಿರುತ್ತದೆ.

ಇನ್ನೊಂದು ಮಾತನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಜನ ಹೈಬೀಮ್ ಎಂದು ಬೈಯುವುದರಲ್ಲಿ ಎಷ್ಟೋ ಪಾಲು ನಿಜವಾಗಿ ಲೋಬೀಮ್. ಹ್ಯಾಲೊಜೆನ್ ದೀಪದ ಹಳದಿ ಬೆಳಕಿನ ಬಣ್ಣತಾಪ ಸುಮಾರು 3200 ಕೆಲ್ವಿನ್. ಇಂದಿನ ಎಲ್‌ಇಡಿಗಳದು 5000ದಿಂದ 6000. ನೀಲಿ ಬೆರೆತ ಆ ಬಿಳುಪು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಎತ್ತರದ ಎಸ್‌ಯುವಿಯಲ್ಲಿ ದೀಪವೂ ಎತ್ತರದಲ್ಲಿ ಕೂತಿದೆ. ಹಿಂದಿನ ಸೀಟು, ಡಿಕ್ಕಿ ತುಂಬಿದರೆ ಮೂತಿ ಮೇಲೇಳುತ್ತದೆ. ಅದಕ್ಕೆಂದೇ ಸ್ಟಿಯರಿಂಗ್ ಬಳಿ ಇರುವ 0ಯಿಂದ 3ರವರೆಗಿನ ಲೆವೆಲಿಂಗ್ ತಿರುಪನ್ನು ತಿರುಗಿಸುವವರು ವಿರಳ. ಹೆಜ್ಜೆಗೊಂದು ರೋಡ್ ಹಂಪ್ ಇರುವ ನಾಡಿನಲ್ಲಿ ಪ್ರತಿ ಹಂಪಿಗೂ ಬೆಳಕು ಒಮ್ಮೆ ಆಕಾಶಕ್ಕೆ ಹಾರುತ್ತದೆ. ಕಣ್ಣಿನ ಮಸೂರದೊಳಗೆ ಚದುರಿದ ಬೆಳಕು ಎದುರಿನ ದೃಶ್ಯದ ಮೇಲೆ ಮುಸುಕು ಹಾಕುತ್ತದೆ. ವಯಸ್ಸಾದವರಿಗೆ, ಪೊರೆ ಕಟ್ಟತೊಡಗಿದವರಿಗೆ ಆ ಮುಸುಕು ದಪ್ಪ. ಗೀರು ಬಿದ್ದ ಹೆಲ್ಮೆಟ್ ಗಾಜಿನ ಹಿಂದಿರುವ ಬೈಕ್ ಸವಾರನಿಗೆ ಅದು ಎರಡು ಪಟ್ಟು. ಬೆಳಕು ದಾಟಿದ ಮೇಲೂ ಕಣ್ಣು ಸರಿಹೋಗಲು ಕೆಲವು ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡೆಂದರೆ 50 ಮೀಟರ್ ದಾರಿ. ಅಷ್ಟನ್ನೂ ಅವನು ಅಂದಾಜಿನ ಮೇಲೆ ದಾಟುತ್ತಾನೆ.

ಹಾಗಾದರೆ ಸರ್ಕಾರ ಏನೂ ಮಾಡಲಿಲ್ಲವೇ? ಮಾಡಿದೆ. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿ ಪ್ರಕರಣ ದಾಖಲಿಸಿದರು. ಅದು ಒಳ್ಳೆಯ ಕೆಲಸ, ಮುಂದುವರಿಯಬೇಕಾದ ಕೆಲಸ. ಅಂಗಡಿಯಲ್ಲಿ ಹೆಚ್ಚುವರಿ ದೀಪ ಹಾಕಿಸಿಕೊಂಡವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಕಾರ್ಖಾನೆಯಿಂದಲೇ ಬಂದ, ಎಲ್ಲ ಪ್ರಮಾಣಪತ್ರಗಳಿರುವ, ಆದರೆ ತಪ್ಪಾಗಿ ಉರಿಯುವ ಹೈಬೀಮ್ ಮಾತ್ರ ಅಂಥ ಬಲೆಗೆ ಬೀಳುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು ಎಂಬ ಮಾತಿದೆ. ಆ ಎತ್ತರ ನಡೆಯುವ ಮನುಷ್ಯನ ಕಣ್ಣಿನದು. ಕ್ಯಾಮೆರಾ ಬರುವ ಎಷ್ಟೋ ಮೊದಲು ಬರೆದ ನಿಯಮ ಅವನನ್ನು ನೆನಪಿಟ್ಟುಕೊಂಡಿತ್ತು.

ಹೊರದೇಶಗಳಲ್ಲಿ ಮುಂದಿನ ಹೆಜ್ಜೆಯಾಗಿ ಮ್ಯಾಟ್ರಿಕ್ಸ್ ದೀಪಗಳು ಬಂದಿವೆ. ಹತ್ತಾರು ಎಲ್‌ಇಡಿಗಳಲ್ಲಿ ಎದುರಿನ ವಾಹನದ ಮೇಲೆ ಬೀಳುವ ಕೆಲವನ್ನಷ್ಟೇ ಆರಿಸಿ, ಉಳಿದ ರಸ್ತೆಗೆ ಹೈಬೀಮ್ ಉಳಿಸುವ ಈ ತಂತ್ರವನ್ನು ಔಡಿ 2013ರಲ್ಲಿ ತನ್ನ ಎ8 ಕಾರಿನಲ್ಲಿ ತಂದಿತು; ಅಮೆರಿಕ ಅದಕ್ಕೆ ಅನುಮತಿ ಕೊಟ್ಟದ್ದು 2022ರ ಫೆಬ್ರುವರಿಯಲ್ಲಿ. ಸುಂದರವಾದ ತಂತ್ರ. ಆದರೂ ಅದು ಎಲ್ಲರಿಗಿಂತ ಮೊದಲು ಬಂದ ಯುರೋಪಿನಲ್ಲೇ ಬೆಳಕಿನ ದೂರು ನಿಂತಿಲ್ಲ. ಹೊಸ ಮಾದರಿಗಳ ದೀಪ ಭಾರಕ್ಕೆ ತಕ್ಕಂತೆ ತಾನಾಗಿಯೇ ತಗ್ಗುವುದನ್ನು 2027ರ ಸೆಪ್ಟೆಂಬರಿನಿಂದ ಕಡ್ಡಾಯ ಮಾಡಲು ಅಲ್ಲಿನವರು ಒಪ್ಪಿದ್ದಾರೆ. ನಾವು ಅನುಕರಿಸಬೇಕಾದದ್ದು ಮ್ಯಾಟ್ರಿಕ್ಸಿಗಿಂತ ಮೊದಲು ಇದನ್ನು.

ಈ ಯಂತ್ರವನ್ನು ಕಿತ್ತೆಸೆಯಿರಿ ಎಂದು ನಾವು ಹೇಳುವುದಿಲ್ಲ. ಕತ್ತಲ ಒಂಟಿ ರಸ್ತೆಯಲ್ಲಿ ಅದು ಜೀವ ಉಳಿಸುತ್ತದೆ. ಯಾವತ್ತೂ ಡಿಪ್ ಮಾಡದ ಚಾಲಕನ ಕಾರಿನಲ್ಲಿ ಅದು ಅವನಿಗಿಂತ ಸಭ್ಯ. ಆದರೆ ಡಿಪ್ ಮಾಡುತ್ತಿದ್ದ ಒಳ್ಳೆಯ ಚಾಲಕನ ಕೈಯೂ ಈಗ ಲಿವರಿನಿಂದ ದೂರ ಸರಿಯುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ಈ ನಷ್ಟವೇ. ಏಕಪಥದಲ್ಲಿ ಓವರ್‌ಟೇಕಿಗೆ ದಾರಿ ಕೇಳಲು, ತಡೆಯಲು ಚಾಲಕರು ಆಡುವ ಭಾಷೆ ಡಿಪ್. ಫಲಕದ ಹೊಳಪಿಗೆ ತಪ್ಪಿ ಮಿನುಗಿದ ಬೀಮನ್ನು ಎದುರಿನವನು ಸಂಕೇತವೆಂದು ತಿಳಿದರೆ ಗತಿಯೇನು?

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ಖಾಸಗಿ ಕಾರಿನ ಹೊಗೆ ತಪಾಸಣೆ ನಿಯಮಿತವಾಗಿ ನಡೆಯುತ್ತದೆ. ದೀಪದ ಕೋನವನ್ನು ಹದಿನೈದು ವರ್ಷದ ನೋಂದಣಿ ಮುಗಿಯುವವರೆಗೆ ಯಾರೂ ಕಡ್ಡಾಯವಾಗಿ ನೋಡುವುದಿಲ್ಲ. ಹೊಗೆ ಪರೀಕ್ಷಿಸುವ ಕೇಂದ್ರದಲ್ಲೇ ದೀಪದ ಕೋನವನ್ನೂ ಅಳೆಯಲಿ. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಕಾರು ಸುರಕ್ಷತಾ ನಕ್ಷತ್ರಗಳ ಲೆಕ್ಕದಲ್ಲಿ ದೀಪಕ್ಕೂ ಅಂಕ ಇಡಲಿ, ಆ ಪರೀಕ್ಷೆಯಲ್ಲಿ ದೀಪವಿಲ್ಲದ ಸೈಕಲ್ ಮತ್ತು ನಡೆಯುವ ಮನುಷ್ಯ ಇರಲಿ. ಒಡೆದ ವಿಂಡ್‌ಶೀಲ್ಡ್ ಬದಲಿಸಿದ ಪ್ರತಿ ಸಲ ಅದರ ಹಿಂದಿನ ಕ್ಯಾಮೆರಾದ ಹೊಂದಾಣಿಕೆಯನ್ನು ಬಿಲ್ಲಿನಲ್ಲಿ ನಮೂದಿಸುವುದು ಕಡ್ಡಾಯವಾಗಲಿ. ಮತ್ತು ಹೊಸ ಕಾರಿಗೆ ಪೂಜೆ ಮಾಡಿ, ಕೀಲಿ ಕೊಟ್ಟು, ಫೋಟೊ ತೆಗೆಯುವ ಷೋರೂಮಿನವರು ಅದಕ್ಕೆ ಮುಂಚೆ ಐದು ನಿಮಿಷ ಚಾಲಕನ ಪಕ್ಕ ಕೂತು ಆಟೊ ಹೈಬೀಮ್ ಆರಿಸುವ ಗುಂಡಿ ಎಲ್ಲಿದೆ, ಊರೊಳಗೆ ಮತ್ತು ಘಟ್ಟದಲ್ಲಿ ಅದನ್ನು ಯಾಕೆ ಒತ್ತಬೇಕು ಎಂದು ತೋರಿಸಿಕೊಡಲಿ.