ಪಹಣಿಯಲ್ಲಿ ಉಳುವವರ ಹೆಸರು ಎಲ್ಲಿದೆ?

ನಾಲೆಗೆ ನೀರು ಬಿಟ್ಟರು ಅಂತ ಸುದ್ದಿ ಬಂದ ಕೂಡಲೇ ನಂಜನಗೂಡು, ತಿ. ನರಸೀಪುರದ ಊರುಗಳಲ್ಲಿ ಎರಡು ಥರದ ಜನ ಎದ್ದು ನಿಲ್ಲುತ್ತಾರೆ. ಗದ್ದೆ ಇರುವವರು ಒಂದು ಕಡೆ, ಗದ್ದೆ ಮಾಡುವವರು ಇನ್ನೊಂದು ಕಡೆ. ಇಬ್ಬರೂ ಒಬ್ಬರೇ ಎಂದು ಸರ್ಕಾರ ನಂಬಿಕೊಂಡು ಕೂತಿದೆ. ಹಾಗಲ್ಲ ಅನ್ನೋದು ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಹುಲ್ಲಹಳ್ಳಿ ನಾಲೆಯ ಬಯಲಾಗಲಿ, ಕಬಿನಿ ಬಲದಂಡೆಯಾಗಲಿ, ವರುಣಾ ನಾಲೆಯ ಕೊನೇ ಭಾಗವಾಗಲಿ, ಹೋಗಿ ವಿಚಾರಿಸಿ. ಜಮೀನಿನವರ ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುತ್ತಾರೆ. ಗದ್ದೆ ಮಾಡುವವರು ಪಕ್ಕದ ಬೀದಿಯವರು. ಕೆಲವರು ಗುತ್ತಿಗೆಗೆ ಮಾಡುತ್ತಾರೆ: ಬೆಳೆ ಬರಲಿ ಬಿಡಲಿ, ಎಕರೆಗೆ ಇಷ್ಟು ಮೂಟೆ ಅಥವಾ ಇಷ್ಟು ದುಡ್ಡು. ಕೆಲವರು ವಾರಕ್ಕೆ: ಬಂದದ್ದರಲ್ಲಿ ಪಾಲು. ಇನ್ನು ಕೆಲವರು ಭೋಗ್ಯಕ್ಕೆ: ಸಾಲ ಕೊಟ್ಟು, ಅದು ತೀರುವ ತನಕ ಸಾಗುವಳಿ. ಎಲ್ಲವೂ ಬಾಯಿಮಾತು. ಹೀಗೆ ಮಾಡುವವರಲ್ಲಿ ದಲಿತರು, ನಾಯಕರು, ಉಪ್ಪಾರರು, ತುಂಡು ಭೂಮಿಯೂ ಇಲ್ಲದವರು ಬಹಳ ಜನ. ನಾಟಿ, ಕಳೆ, ಕೊಯ್ಲು ಹೆಗಲ ಮೇಲಿರುವ ಅವರ ಮನೆ ಹೆಣ್ಣುಮಕ್ಕಳಂತೂ ಲೆಕ್ಕದ ಹೊರಗೇ.

ಈಗ ಕಾಗದದ ಕಡೆ ಬನ್ನಿ.

ಭತ್ತಕ್ಕೆ ಕೇಂದ್ರ ಸರ್ಕಾರ 2025-26ಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ ಬೆಂಬಲ ಬೆಲೆ ಕಟ್ಟಿದೆ. ಖರೀದಿ ಕೇಂದ್ರದಲ್ಲಿ ಮಾರಬೇಕಾದರೆ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಬೇಕು. ಎಫ್‌ಐಡಿಗೆ ಪಹಣಿ ಬೇಕು. ಪಹಣಿ ಜಮೀನಿನವರ ಹೆಸರಲ್ಲಿದೆ. ಹಾಗಾಗಿ ಗುತ್ತಿಗೆ ರೈತನ ಮುಂದೆ ಎರಡೇ ದಾರಿ. ಜಮೀನಿನವರ ಹೆಸರಲ್ಲಿ ಮಾರಿ, ಅವರ ಖಾತೆಗೆ ಬಿದ್ದ ದುಡ್ಡಿಗೆ ಅವರ ಮನೆ ಬಾಗಿಲು ಕಾಯುವುದು. ಇಲ್ಲವೇ ಕಣಕ್ಕೆ ಬಂದ ವ್ಯಾಪಾರಿ ಹೇಳಿದ ರೇಟಿಗೆ ತೂಗಿ ಕೊಡುವುದು.

ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಭೂಮಿ ಇರುವ ಕುಟುಂಬಕ್ಕೆ ಮಾತ್ರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಮೊದಲ ಕಂತಿನಲ್ಲಿ 2,000 ರೂಪಾಯಿವರೆಗೆ ಕೊಟ್ಟರು. ಅದೂ ಎಫ್‌ಐಡಿ ಇದ್ದವರ ಖಾತೆಗೇ ಹೋಯಿತು. 2018, 2019ರಲ್ಲಿ ಕಬಿನಿ ಉಕ್ಕಿ ಹರಿದಾಗ ದಂಡೆಯ ಗದ್ದೆ ತೋಟಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ? ಗೊಬ್ಬರ, ಬೀಜ, ಟ್ರ್ಯಾಕ್ಟರ್ ಬಾಡಿಗೆಗೆ ಸಾಲ ಮಾಡಿದವರು ಒಬ್ಬರು, ಪರಿಹಾರಕ್ಕೆ ಹಕ್ಕುದಾರರು ಮತ್ತೊಬ್ಬರು. ಇದು ಯಾವ ನ್ಯಾಯ?

ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಉಂಟು, ಪಹಣಿ ಇದ್ದವರಿಗೆ. ಪಹಣಿ ಇಲ್ಲದವರಿಗೆ ಕೈಸಾಲ, ಮೀಟರ್ ಬಡ್ಡಿ, ವಾರದ ಕಂತಿನ ಸಂಘ. ಅಂದರೆ ಭೂಮಿ ಇದ್ದವರಿಗೆ ಸಾಲ ಅಗ್ಗ, ಇಲ್ಲದವರಿಗೆ ದುಬಾರಿ.

ತಮಾಷೆ ಕೇಳಿ. ಪಹಣಿಯನ್ನು ನಾವು ಆರ್‌ಟಿಸಿ ಅಂತೀವಲ್ಲ, ಅದರಲ್ಲಿರುವ ‘ಟಿ’ ಅಂದರೆ ಟೆನೆನ್ಸಿ, ಗೇಣಿ. 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೇ ಜಾಗ ಬಿಟ್ಟಿದ್ದಾರೆ. ನಿಮ್ಮ ಮೊಬೈಲ್‌ನಲ್ಲಿ ಭೂಮಿ ವೆಬ್‌ಸೈಟ್ ತೆಗೆದು ನೋಡಿ. ಆ ಜಾಗದಲ್ಲೂ ಸಾಮಾನ್ಯವಾಗಿ ಮಾಲೀಕರ ಹೆಸರೇ ಕೂತಿರುತ್ತದೆ.

ಇದಕ್ಕೆ ಕಾರಣವಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದರು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ನಮ್ಮ ಅಜ್ಜಂದಿರ ಕಾಲದವರು ಫಾರಂ ನಂಬರ್ 7 ಬರೆದು, ಭೂ ನ್ಯಾಯಮಂಡಳಿ ಮುಂದೆ ನಿಂತು ಭೂಮಿ ಪಡೆದರು. ಅದು ದೊಡ್ಡ ಕೆಲಸ. ಅದನ್ನು ಹಳಿಯುವವರ ಜೊತೆ ನಾವಿಲ್ಲ.

ಆದರೆ ಅಂದು ಗೇಣಿ ಸತ್ತಿದ್ದು ಕಾಗದದಲ್ಲಿ. ಸೈನಿಕರು, ನಾವಿಕರಿಗೆ ಬಿಟ್ಟರೆ ಉಳಿದವರಿಗೆ ಜಮೀನು ಗೇಣಿಗೆ ಕೊಡುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ. ಊರಲ್ಲಿ ಮಾತ್ರ ಅದು ನಿಂತಿಲ್ಲ. ಬಾಯಿಮಾತಿಗೆ ಇಳಿದು, ಕತ್ತಲಿಗೆ ಸರಿದಿದೆ. ಕಾನೂನಿನ ಕಣ್ಣಿಗೆ ಇಲ್ಲದ ರೈತನಿಗೆ ಕಾನೂನಿನ ರಕ್ಷಣೆ ಎಲ್ಲಿಂದ ಬರಬೇಕು?

ಇದರ ಮೇಲೆ 2020ರ ತಿದ್ದುಪಡಿ ಬಂತು. 79ಎ, 79ಬಿ ಕಲಂ ತೆಗೆದುಹಾಕಿ, ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದರು. ದುಡ್ಡಿರುವವರು ಭೂಮಿ ಕೊಳ್ಳಲಿಕ್ಕೆ ಬಾಗಿಲು ತೆಗೆದ ಕಾಯ್ದೆ, ಆ ಭೂಮಿ ಉಳುವವರಿಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಕೊಂಡವರು ಬೇಲಿ ಹಾಕಿದ ದಿನ, ಹತ್ತಾರು ವರ್ಷ ಮಾಡಿಕೊಂಡು ಬಂದವರು ಬದುವಿನಾಚೆ ನಿಲ್ಲುತ್ತಾರೆ.

‘ಹೆಸರು ಬರೆದರೆ ಜಮೀನೇ ಹೋಗುತ್ತೆ’ ಅಂತ ಭೂಮಿಯವರು ಹೆದರುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಗೇಣಿಗೆ ಕೊಡುವವರೆಲ್ಲ ದೊಡ್ಡ ಜಮೀನ್ದಾರರಲ್ಲ. ಒಂದೂವರೆ ಎಕರೆ ಇಟ್ಟುಕೊಂಡ ವಿಧವೆ ಅಜ್ಜಿ, ಮೈಯಲ್ಲಿ ಶಕ್ತಿಯಿಲ್ಲದ ಯಜಮಾನರು, ಫ್ಯಾಕ್ಟರಿ ಕೆಲಸದ ಹುಡುಗರು ಕೂಡ ಕೊಡುತ್ತಾರೆ. ಅವರ ಭೂಮಿ ಅವರಿಗೇ ಇರಲಿ. ನಾವು ಕೇಳುತ್ತಿರುವುದು ಭೂಮಿಯ ಹಕ್ಕಲ್ಲ, ಬೆಳೆಯ ಹಕ್ಕು. ಮಣ್ಣು ಅವರದು, ಆ ವರ್ಷದ ಬೆಳೆ ಬೆವರು ಸುರಿಸಿದವರದು.

ಇದು ಆಗದ ಮಾತೇನಲ್ಲ. ಆಂಧ್ರಪ್ರದೇಶ 2011ರಲ್ಲೇ ಗುತ್ತಿಗೆ ರೈತರಿಗೆ ಕಾರ್ಡ್ ಕೊಡುವ ಕಾಯ್ದೆ ಮಾಡಿತು. 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು, 11 ತಿಂಗಳ ಕರಾರು ಮಾಡಿಕೊಂಡರೆ ಬೆಳೆಯ ಮೇಲಿನ ಸಾಲ, ವಿಮೆ, ಪರಿಹಾರ ಸಾಗುವಳಿದಾರರಿಗೆ, ಭೂಮಿಯ ಒಡೆತನಕ್ಕೆ ಧಕ್ಕೆಯಿಲ್ಲ ಎಂದಿತು. ಅಲ್ಲೂ ಕುಂದಿದೆ: ಮಾಲೀಕರ ಸಹಿ ಬೇಕು, ಸಹಿ ಸಿಗದವರು ಹೊರಗೇ ಉಳಿದರು. ದೂರದ ಜಾವಾ ದ್ವೀಪದಲ್ಲೂ ನಮ್ಮ ಹಾಗೇ ಭತ್ತದ ಗದ್ದೆ, ನಮ್ಮ ಹಾಗೇ ಪಾಲಿನ ಬೇಸಾಯ. ಪಾಲಿನ ಕರಾರನ್ನು ಊರಿನ ಮುಖ್ಯಸ್ಥರ ಮುಂದೆ ಬರೆದೇ ಮಾಡಬೇಕು ಅಂತ ಇಂಡೋನೇಷ್ಯಾ 1960ರಲ್ಲೇ ಕಾಯ್ದೆ ಮಾಡಿತು. ಆದರೂ ಹೆಚ್ಚಿನವರು ಬಾಯಿಮಾತಲ್ಲೇ ನಡೆಸುತ್ತಾರೆ. ಬರೀ ಕಾಯ್ದೆ ಸಾಲದು, ಕಾಗದ ಹಿಡಿದವರಿಗೆ ಕೂಡಲೇ ಏನಾದರೂ ಸಿಗಬೇಕು ಅನ್ನೋದೇ ಇದರ ಪಾಠ.

‘ಗೇಣಿಗೆ ಬಾಗಿಲು ತೆಗೆದರೆ ಕಂಪನಿಗಳು ನುಗ್ಗುತ್ತವೆ’ ಎನ್ನುವವರಿದ್ದಾರೆ. ಆ ಅನುಮಾನ ನಮಗೂ ಇದೆ. ಅದಕ್ಕೇ ಈ ಕಾರ್ಡು ಅದೇ ಪಂಚಾಯಿತಿಯ ಅಥವಾ ಅಕ್ಕಪಕ್ಕದ ಪಂಚಾಯಿತಿಯ ಸಣ್ಣ ರೈತರಿಗೆ ಮಾತ್ರ ಇರಲಿ. ಕಂಪನಿಗೆ ಬೇಡ.

ನಮ್ಮ ಬೇಡಿಕೆ ನಾಲ್ಕು. ಒಂದು, ಪಂಚಾಯಿತಿಯಲ್ಲೇ ವರ್ಷಕ್ಕೊಮ್ಮೆ ಬೆಳೆ ಕಾರ್ಡ್ ಕೊಡಿ, ಮಾಲೀಕರು ಸಹಿ ಹಾಕದಿದ್ದರೆ ಅಕ್ಕಪಕ್ಕದ ಗದ್ದೆಯವರ ಸಾಕ್ಷಿ ಸಾಕು. ಎರಡು, ಆ ಕಾರ್ಡಿಗೆ ಎಫ್‌ಐಡಿ ಕೊಟ್ಟು ಖರೀದಿ ಕೇಂದ್ರದ ಬಾಗಿಲು ತೆಗೆಯಿರಿ. ಮೂರು, ಬೆಳೆ ನಷ್ಟದ ಪರಿಹಾರ ಬೆಳೆದವರ ಖಾತೆಗೆ ಹಾಕಿ. ನಾಲ್ಕು, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಬೆಳೆಯ ಫೋಟೊ ಜೊತೆ ಬೆಳೆದವರ ಹೆಸರನ್ನೂ ಬರೆಯಿರಿ.

ಕಾಯ್ದೆ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ ನಿಯಮದಲ್ಲಿ ಬಾಯಿಮಾತಿನ ಗುತ್ತಿಗೆದಾರರು, ಪಾಲಿಗೆ ಮಾಡುವವರೂ ಅರ್ಹರು ಅಂತ ಸ್ಪಷ್ಟವಾಗಿದೆ. 4ರಿಂದ 10 ಜನ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಮಾಡಿಕೊಂಡರೆ ಬ್ಯಾಂಕ್ ಸಾಲ ಕೊಡಬಹುದು. ಕೇರಳದಲ್ಲಿ ಕುಟುಂಬಶ್ರೀಯ ಹೆಣ್ಣುಮಕ್ಕಳು ಹೀಗೆ ಗುಂಪಾಗಿ ಜಮೀನು ಗೇಣಿಗೆ ಹಿಡಿದು ಬೇಸಾಯ ಮಾಡುತ್ತಿದ್ದಾರೆ. ಬ್ಯಾಂಕಿನವರು ‘ಪಹಣಿ ತನ್ನಿ’ ಎಂದರೆ, ‘ಕೊಡಲ್ಲ ಅಂತ ಬರೆದುಕೊಡಿ ಸಾರ್’ ಎಂದು ಕೇಳಿ.

ಎರಡು ಸಲ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರ ವರುಣಾ ಕ್ಷೇತ್ರದಲ್ಲಿ ನಮ್ಮ ಎರಡೂ ತಾಲ್ಲೂಕಿನ ಊರುಗಳಿವೆ. ನಂಜನಗೂಡು, ತಿ. ನರಸೀಪುರ ಎರಡೂ ಮೀಸಲು ಕ್ಷೇತ್ರಗಳು. ಗುತ್ತಿಗೆ ರೈತರ ಕಷ್ಟ ಇಲ್ಲಿಯ ನಾಯಕರಿಗೆ ಗೊತ್ತಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ‘ನಮ್ಮೂರಲ್ಲಿ ಗುತ್ತಿಗೆಗೆ, ವಾರಕ್ಕೆ ಮಾಡುವವರು ಎಷ್ಟು ಮನೆ? ಪಟ್ಟಿ ಎಲ್ಲಿ?’ ಪಟ್ಟಿ ಇಲ್ಲ ಅಂದರೆ, ಮಾಡಿ ಅಂತ ನಡಾವಳಿಯಲ್ಲಿ ಬರೆಸಿ. ಬರೆಸಿದ ಮೇಲೆ ಅದರ ಫೋಟೊ ತೆಗೆದು ನಮಗೂ ಕಳಿಸಿ.