ಡೇರಿಯಲ್ಲಿ ಫ್ಯಾಟ್ ಲೆಕ್ಕ ಕೇಳುವ ನಾವು ಆಕಾಶದ ಲೆಕ್ಕ ಬಿಟ್ಟುಕೊಡುವುದೇಕೆ?

ಡೇರಿಯಲ್ಲಿ ಹಾಲಿನ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ನಾವು ಸುಮ್ಮನಿರುವುದಿಲ್ಲ. ಇನ್ನೊಮ್ಮೆ ಅಳೆಯಿರಿ ಎಂದು ಜಗಳಕ್ಕೇ ನಿಲ್ಲುತ್ತೇವೆ. ಅದೇ ನಾವು ನಮ್ಮ ಮಾಳಿಗೆಯ ಮೇಲೆ ಆಂಟೆನಾ ಕಟ್ಟಿ, ನಮ್ಮ ಕರೆಂಟು ಸುಟ್ಟು ಹಿಡಿದ ವಿಮಾನಗಳ ಮಾಹಿತಿಯನ್ನು ಹೊರದೇಶದ ಕಂಪನಿಗಳಿಗೆ ದಿನದ 24 ಗಂಟೆಯೂ ಸುರಿಯುತ್ತಿದ್ದೇವೆ. ಮನೆಯಲ್ಲಿ ಒಂದು ಪ್ರತಿ ಕೂಡ ಇಟ್ಟುಕೊಳ್ಳುವುದಿಲ್ಲ. ಇದು ತಪ್ಪು ಎಂಬುದೇ ನಮ್ಮ ವಾದ.

ವಿಷಯ ಹೊಸದಾಗಿರುವವರಿಗೆ ಎರಡು ಮಾತು. ಇಂದಿನ ಬಹುಪಾಲು ಪ್ರಯಾಣಿಕ ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ ಹಾರುತ್ತಿದ್ದೇವೆ ಎಂಬುದನ್ನು 1090 ಮೆಗಾಹರ್ಟ್ಸ್ ರೇಡಿಯೋ ತರಂಗದಲ್ಲಿ ಕೂಗಿ ಹೇಳುತ್ತಲೇ ಹೋಗುತ್ತವೆ. ಇದಕ್ಕೆ ಎಡಿಎಸ್-ಬಿ ಎಂದು ಹೆಸರು. ಇದರಲ್ಲಿ ಗುಪ್ತಲಿಪಿ ಇಲ್ಲ. ಕಂಪ್ಯೂಟರಿನಲ್ಲಿ ಟಿವಿ ನೋಡಲು ಮಾಡಿದ್ದ ಆರ್‌ಟಿಎಲ್ ಯುಎಸ್‌ಬಿ ಡಾಂಗಲ್, ಒಂದು ರಾಸ್‌ಬೆರಿ ಪೈ, ಸುಮಾರು 7 ಸೆಂಟಿಮೀಟರ್ ಉದ್ದದ ಆಂಟೆನಾ ಕಡ್ಡಿ ಇದ್ದರೆ ಈ ಕೂಗು ಕೇಳಿಸುತ್ತದೆ. ಅಡ್ಡಕ್ಕೆ ಕಟ್ಟಡಗಳಿಲ್ಲದ ನಮ್ಮ ಹಳ್ಳಿಗಳಲ್ಲಿ ಪಟ್ಟಣಕ್ಕಿಂತ ಚೆನ್ನಾಗಿಯೇ ಕೇಳಿಸುತ್ತದೆ.

ಇನ್ನು ಯೂಟ್ಯೂಬ್ ನೋಡಿ. 'ಈ ಕಂಪನಿಯ ಸಾಫ್ಟ್‌ವೇರ್ ಹಾಕಿ, ಡೇಟಾ ಕಳಿಸಿ, ದುಬಾರಿ ಖಾತೆ ಪುಕ್ಕಟೆ ಪಡೆಯಿರಿ' ಎಂದು ಮುಗಿಸುತ್ತಾರೆ. ಫ್ಲೈಟ್‌ರಾಡಾರ್24 ಕೂಡ ಡೇಟಾ ಕೊಟ್ಟವರಿಗೆ ಉಚಿತ ಖಾತೆ ಕೊಡುತ್ತದೆ, ಸುಳ್ಳಲ್ಲ. ಆದರೆ ಆ ಖಾತೆ ಕೊಡುತ್ತಿರುವವರೆಗೆ ಮಾತ್ರ. ಹಾಲು ಹಾಕುವುದು ನಿಲ್ಲಿಸಿದ ದಿನ ಪಾಸ್‌ಬುಕ್ಕೂ ವಾಪಸ್.

ಎಡಿಎಸ್-ಬಿ ಎಕ್ಸ್‌ಚೇಂಜ್ ಕಥೆ ಕೇಳಿ. ಸಾವಿರಾರು ಹವ್ಯಾಸಿಗಳು ಅದು ತಮ್ಮದೇ ಎಂದು ನಂಬಿ ತಮ್ಮ ಮನೆಗಳಿಂದ ಡೇಟಾ ಕೊಟ್ಟು ಬೆಳೆಸಿದ ತಾಣ ಅದು. 2023ರ ಜನವರಿಯಲ್ಲಿ ಅದನ್ನು ಜೆಟ್‌ನೆಟ್ ಎಂಬ ಅಮೆರಿಕದ ಕಂಪನಿ ಕೊಂಡುಕೊಂಡಿತು. ಕೊಟ್ಟವರನ್ನು ಯಾರೂ ಕೇಳಲಿಲ್ಲ. ಸಿಟ್ಟಾದ ಹಲವರು ತಮ್ಮ ರಿಸೀವರ್‌ಗಳನ್ನು ಅಲ್ಲಿಂದ ಕಿತ್ತರು. ಆದರೆ ಅಷ್ಟು ವರ್ಷ ಕೊಟ್ಟದ್ದು ವಾಪಸ್ ಬರಲಿಲ್ಲ.

'ನಮ್ಮ ಹಳ್ಳಿಗೆ ಇದೆಲ್ಲ ಯಾಕೆ?' ಎನ್ನುವವರು ದೇವನಹಳ್ಳಿ ಸುತ್ತಿನ ಊರುಗಳನ್ನು ನೆನೆಯಿರಿ. ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು, 2019ರ ಕೊನೆಗೆ ಎರಡನೇ ರನ್‌ವೇ ಬಂತು. ರಾತ್ರಿ ಎಷ್ಟು ವಿಮಾನ ನಮ್ಮ ಮನೆ ಮೇಲೆ ಹೋದವು, ಎಷ್ಟು ಎತ್ತರದಲ್ಲಿ, ಎಷ್ಟು ಗಂಟೆಗೆ? ನಿದ್ದೆ ಕೆಟ್ಟ ಮಗುವಿನ ತಾಯಿ ಇದನ್ನು ಕೇಳಿದರೆ 'ನಿಮ್ಮ ಹತ್ತಿರ ದಾಖಲೆ ಇದೆಯಾ?' ಎಂಬ ಪ್ರಶ್ನೆ ಬರುತ್ತದೆ. ದಾಖಲೆ ನಮ್ಮ ಮಾಳಿಗೆಯ ಮೇಲೆಯೇ ಹುಟ್ಟುತ್ತಿದೆ. ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ನಮ್ಮದೇ ಊರಿನ ಲೆಕ್ಕಕ್ಕೆ ಇನ್ನೊಬ್ಬರ ಮುಂದೆ ಕೈಚಾಚಬೇಕು.

ಇನ್ನೊಂದು ಮಾತು. ಮಾಲೀಕರು ಕೇಳಿಕೊಂಡರೆ ಕೆಲವು ಖಾಸಗಿ ವಿಮಾನಗಳನ್ನು ವಾಣಿಜ್ಯ ತಾಣಗಳು ಮರೆಮಾಡುತ್ತವೆ. ಸ್ವಂತ ರಿಸೀವರ್ ಯಾರ ಮಾತೂ ಕೇಳಿ ಮರೆಮಾಡುವುದಿಲ್ಲ.

ಹಾಗಾದರೆ ಹೇಗೆ ಹಾಕಬೇಕು? ಈಗ ಹಲವರು ಇದನ್ನು ಡಾಕರ್ ಕಂಟೇನರ್‌ನಲ್ಲಿ ಓಡಿಸುತ್ತಾರೆ. ಕಂಟೇನರ್ ಎಂದರೆ ಬೇಕಾದ ಸಾಫ್ಟ್‌ವೇರನ್ನೆಲ್ಲ ಒಂದೇ ಡಬ್ಬಿಗೆ ತುಂಬಿ ಕೊಟ್ಟಂತೆ. ಅಲ್ಟ್ರಾಫೀಡರ್ ಅಂಥದ್ದೊಂದು ಡಬ್ಬಿ. ಅದರೊಳಗೆ ರೇಡಿಯೋ ಸಂದೇಶ ಬಿಡಿಸುವ ರೀಡ್‌ಎಸ್‌ಬಿ, ನಕ್ಷೆ ತೋರಿಸುವ ಟಾರ್1090 ಎರಡೂ ಇವೆ. ಮುಕ್ತ ತಂತ್ರಾಂಶ, ಕಾಸಿಲ್ಲ. ಆದರೆ ಯಾರದೋ ಸೆಟ್ಟಿಂಗನ್ನು ಕಾಪಿ ಮಾಡಿ ಹಾಕಬೇಡಿ. ಈ ಐದು ನೋಡಿಕೊಳ್ಳಿ.

ಒಂದು, ಲಿನಕ್ಸ್ ಈ ಡಾಂಗಲ್ಲನ್ನು ಟಿವಿ ಟ್ಯೂನರ್ ಎಂದುಕೊಂಡು ಹಿಡಿದು ಕೂರುತ್ತದೆ. ಆ ಟಿವಿ ಡ್ರೈವರ್ ಅನ್ನು ಬ್ಲಾಕ್‌ಲಿಸ್ಟ್ ಮಾಡಿ, ಯುಎಸ್‌ಬಿಯನ್ನು ಕಂಟೇನರ್ ಒಳಕ್ಕೆ ಬಿಡಿ.

ಎರಡು, ದಾಖಲೆಯ ಫೋಲ್ಡರನ್ನು ವಾಲ್ಯೂಮ್ ಆಗಿ ಕಂಟೇನರ್‌ನ ಹೊರಗಿಡಿ. ಇಲ್ಲದಿದ್ದರೆ ಅಪ್‌ಡೇಟಿಗೆಂದು ಹಳೆಯ ಕಂಟೇನರ್ ತೆಗೆದು ಹೊಸದು ಹಾಕಿದ ದಿನ ಒಳಗಿದ್ದದ್ದೆಲ್ಲ ಹೋಗುತ್ತದೆ. ನಮ್ಮ ಗುಂಪಿನಲ್ಲೇ ಹೀಗೆ 3 ವಾರದ ದಾಖಲೆ ಕಳೆದುಕೊಂಡೆವು. ಅಪ್‌ಡೇಟ್ ಮಾಡಿದ್ದು ನಾವೇ, ಬೈಯಲು ಬೇರೆ ಯಾರೂ ಸಿಗಲಿಲ್ಲ.

ಮೂರು, ಡೇಟಾ ಯಾರಿಗೆ ಕಳಿಸಬೇಕು ಎಂಬ ಪಟ್ಟಿಯನ್ನು ಮೊದಲು ಖಾಲಿ ಬಿಡಿ. ಖಾಲಿ ಬಿಟ್ಟರೂ ರಿಸೀವರ್ ಓಡುತ್ತದೆ, ನಕ್ಷೆ ಬರುತ್ತದೆ. ಇಂಟರ್ನೆಟ್ ಹೋದರೂ ವಿಮಾನಗಳು ಕಾಣುತ್ತವೆ, ಹಿಂದಿನ ನಕ್ಷೆಯ ಚಿತ್ರ ಮಾತ್ರ ಬರುವುದಿಲ್ಲ.

ನಾಲ್ಕು, ರೂಟರ್‌ನಲ್ಲಿ ಪೈಗೆ ಒಂದೇ ಐಪಿ ವಿಳಾಸ ಕಾದಿರಿಸಿ. ಆಮೇಲೆ ಮನೆಯ ವೈಫೈನಲ್ಲಿರುವ ಯಾವ ಫೋನಿನಲ್ಲಾದರೂ ಆ ವಿಳಾಸದ ಮುಂದೆ ಕೊಟ್ಟ ಪೋರ್ಟ್ ಸಂಖ್ಯೆ, ಸಾಮಾನ್ಯವಾಗಿ 8080, ಹಾಕಿದರೆ ಪುಟ ತೆರೆಯುತ್ತದೆ.

ಐದು, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಈ ಪುಟವನ್ನು ಊರಿಗೆಲ್ಲ ತೆರೆದಿಡಬೇಡಿ. ನೀವು ತುಂಬಿದ ಅಕ್ಷಾಂಶ ರೇಖಾಂಶದಿಂದ ಅದು ನಿಮ್ಮ ಮನೆಯನ್ನೇ ಬೊಟ್ಟು ಮಾಡಿ ತೋರಿಸಬಲ್ಲದು. ಪೈಯಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಇದೆ ಎಂದೂ ನಿಶ್ಚಿಂತೆ ಬೇಡ. ಡಾಕರ್ ತೆರೆದ ಪೋರ್ಟನ್ನು ಅದು ತಡೆಯುವುದಿಲ್ಲ. ಹೊರಗಿನಿಂದ ನೋಡಲೇಬೇಕಿದ್ದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಬಳಸಿ.

ಹಂಚಿಕೊಳ್ಳುವುದೇ ಬೇಡ ಎಂದು ನಾವು ಹೇಳುತ್ತಿಲ್ಲ. ತಮ್ಮ ಜಾಗ ಹೇಳದ ಹಳೆಯ ವಿಮಾನಗಳೂ ಇವೆ. ಅವುಗಳ ಸಂಕೇತ ಬೇರೆ ಬೇರೆ ಮನೆಗಳಿಗೆ ತಲುಪಿದ ಸಮಯದ ವ್ಯತ್ಯಾಸ ನೋಡಿ ಜಾಗ ಲೆಕ್ಕ ಹಾಕಬೇಕು. ಅದು ಒಬ್ಬರಿಂದ ಆಗದ ಕೆಲಸ. ಅದಕ್ಕೆ ಮನೆಯ ನಿಖರ ಜಾಗವನ್ನೂ ಕೊಡಬೇಕಾಗುತ್ತದೆ. ಹಾಗಾಗಿ ಕೊಡುವುದಿದ್ದರೆ ತಿಳಿದು ಕೊಡಿ. ಎಡಿಎಸ್‌ಬಿ ಡಾಟ್ ಲೋಲ್‌ನಂತೆ ಡೇಟಾವನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ವಾಪಸ್ ಕೊಡುವವರಿದ್ದಾರೆ. ಅಂಥವರಿಗೆ ಮೊದಲು ಕೊಡೋಣ.

ಮನೆಗೆ ಬೇಕಾದಷ್ಟು ಹಾಲು ಇಟ್ಟುಕೊಂಡು ಉಳಿದದ್ದನ್ನು ಡೇರಿಗೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಮಕ್ಕಳ ಲೋಟ ತುಂಬುವ ಮೊದಲೇ ಕ್ಯಾನ್ ಎತ್ತಿ ಕಳಿಸುವವರನ್ನು ಊರಲ್ಲಿ ಯಾರೂ ಜಾಣರು ಎನ್ನುವುದಿಲ್ಲ. ಈ ವಾರ ನಿಮ್ಮ ಮನೆಯ ರಿಸೀವರ್ ಸೆಟ್ಟಿಂಗ್ ತೆರೆಯಿರಿ. ಯಾರಿಗೆ ಹೋಗುತ್ತಿದೆ, ನಮಗೆ ಏನು ಉಳಿಯುತ್ತಿದೆ ಎಂದು ನೋಡಿ. ಏನೂ ಉಳಿಯುತ್ತಿಲ್ಲವೆಂದರೆ ಇವತ್ತೇ ಸರಿಮಾಡಿಕೊಳ್ಳಿ.